ಬೆರಿಟ್ ಬೆಳಗಿದ ತೋಟೆಗಳು

ಆಲ್ಡರ್ ಬೆಂಚ್, ಮೊಂಟಾನಾ
ನವೆಂಬರ್ ೨೯, ಶನಿವಾರ

ಪ್ರಿಯ ಬೆರಿಟ್,

ನಿನ್ನ ಕಾರ್ಡು ಬುಧವಾರ ತಲುಪಿತು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ. ನೀನು ಬೆಳಗಿ ಕಳಿಸಿದ ನೆಲ್ಸ್‌ನ ಖಾಲಿ ಹಿತ್ತಾಳೆ ತೋಟೆಗಳಿಗೆ ನಾನು ಮತ್ತೆ ಮದ್ದು ಗುಂಡು ತುಂಬಿದೆನೇ, ನಮ್ಮ ಸೊಸೆ ಟ್ರೂಡಿ ಅವನ್ನು ಅವನ ಕೋವಿಗೇ ಹಾಕಿಕೊಂಡು ಈ ಸಲದ ಬೇಟೆಗೆ ಹೋದಳೇ ಎಂದು ಕೇಳಿದ್ದೀಯೆ. ಪೆಟ್ಟಿಗೆ ಬಂದದ್ದು ಅಕ್ಟೋಬರಿನಲ್ಲಿ. ಈಗ ನವೆಂಬರ್ ಮುಗಿಯುತ್ತಿದೆ. ವಿಳಂಬಕ್ಕೆ ಮರೆವಾಗಲಿ ಸೋಮಾರಿತನವಾಗಲಿ ಕಾರಣವಲ್ಲ. ಒಂದೇ ಪದದಲ್ಲಿ ಹೇಳಿ ಮುಗಿಸಬಹುದಾದ ಉತ್ತರ ಅದು. ಆದರೆ ಆ ಪದವನ್ನು ಬರಿದಾಗಿ ಕಳಿಸಿದರೆ, ಮಗ ನೆಲ್ಸ್ ತೀರಿಹೋದ ಮೇಲೆ ನಮ್ಮಿಬ್ಬರ ನಡುವೆ ಉಳಿದಿರುವ ಕೊನೆಯ ಎಳೆಯೂ ಕಡಿದುಹೋದೀತೆಂಬ ಅಂಜಿಕೆಯಿಂದ ಪೆನ್ನು ಮುಂದೆ ಸಾಗಲಿಲ್ಲ.

ಆದ್ದರಿಂದ ಉತ್ತರವನ್ನು ಸ್ವಲ್ಪ ಹಿಂದಿಟ್ಟು, ಉಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕಾಲೇಜಿನ ಚರ್ಚಾಕೂಟದಲ್ಲಿ ಕಲಿತ ಚಾಳಿ ಇನ್ನೂ ಹೋಗಿಲ್ಲವೆಂದು ನೀನು ಮುಖ ತಿರುಗಿಸುವೆ, ಬಲ್ಲೆ. ಆದರೂ ಓದು.

ಪೆಟ್ಟಿಗೆ ತರಲು ಅಂಚೆ ಕಚೇರಿಗೆ ಹೋದಾಗ ವರ್ಲಾ ಅದನ್ನು ಕೈಯಲ್ಲಿ ಎತ್ತಿಕೊಡದೆ ಕಾಲಿನಿಂದಲೇ ನನ್ನತ್ತ ತಳ್ಳಿದಳು. "ಏನ್ ಲೋವೆಲ್, ಬೆರಿಟ್ ನಿಂಗೆ ಚರ್ಚಿನ ಗಂಟೆ ಬಿಚ್ಚಿ ಕಳಿಸಿದಾಳಾ? ನನ್ನ ಸೊಂಟ ಬಿದ್ದೋಯ್ತು. ಇದನ್ನ ಕಳ್ಸೋ ದುಡ್ಡಲ್ಲಿ ಅವಳೇ ಒಂದ್ಸಲ ಬಂದು ಹೋಗ್ಬೋದಿತ್ತು," ಎಂದಳು. ಆಕೆಯ ಮೊದಲ ಮಾತಿಗೆ ನಕ್ಕೆ. ಕೊನೆಯ ಮಾತಿಗೆ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಹೊರಟೆ.

ಮನೆಯೊಳಗೆ ಒಯ್ಯದೆ ಹಿತ್ತಲ ಶೆಡ್ಡಿನಲ್ಲೇ ಬಿಚ್ಚಿದೆ. ನೀನು ಒಂದೊಂದನ್ನೂ ತೆಳುಕಾಗದದಲ್ಲಿ ಕೋಳಿಮೊಟ್ಟೆಯಂತೆ ಸುತ್ತಿದ್ದೆ. ಮೊದಲನೆಯದನ್ನು ಕೆಲಸದ ಬೆಂಚಿನ ಮೇಲೆ ನಿಲ್ಲಿಸಿದಾಗ ಪಡುವಣ ಕಿಟಕಿಯ ಬಿಸಿಲು ಅದಕ್ಕೆ ಬಡಿಯಿತು. ತೋಟೆ ಆ ಬಿಸಿಲನ್ನು ಹಿಡಿದು ಮಾಡಿನ ತೊಲೆಗೆ ಎಸೆಯಿತು. ಎರಡನೆಯದು ಬಂತು, ಹತ್ತನೆಯದು ಬಂತು. ಎಲ್ಲವೂ ಸಾಲಾಗಿ ನಿಂತ ಮೇಲೆ ಶೆಡ್ಡಿನ ಮಾಡೆಲ್ಲ ಕೆರೆಯ ನೀರಿನ ನೆರಳಿನಂತೆ ಅಲುಗತೊಡಗಿತು. ನೆಲ್ಸ್ ಗೋಡೆಗೆ ಜಡಿದಿದ್ದ ಕೊಂಬುಗಳ ಮೇಲೆ, ತುಕ್ಕು ಹಿಡಿದ ಗರಗಸಗಳ ಮೇಲೆ, ನನ್ನ ಕೈಗಳ ಮೇಲೆ ಬೆಳಕಿನ ಚೂರುಗಳು ಹರಿದಾಡಿದವು. ನಾನು ಟೋಪಿ ತೆಗೆದೆ. ತೆಗೆದ ಮೇಲೆಯೇ ತೆಗೆದದ್ದು ತಿಳಿಯಿತು.

ನಮ್ಮ ಮದುವೆಗೂ ಮುಂಚಿನಿಂದ ಆ ಬೆಂಚಿನ ಮುಂದೆ ನಿಂತು ಹಿತ್ತಾಳೆ ಶುಚಿಮಾಡುತ್ತ ಬಂದವನು ನಾನು. ಇಂಥದ್ದನ್ನು ಕಂಡಿರಲಿಲ್ಲ. ನನ್ನ ಪದ್ಧತಿ ನಿನಗೆ ಗೊತ್ತು, ಗೊತ್ತಿದೆ ಎನ್ನುವುದಕ್ಕಿಂತ ಅದನ್ನು ನೀನು ಸಹಿಸಿದ್ದೀಯೆ: ಮೆಕ್ಕೆಜೋಳದ ದಿಂಡಿನ ತರಿ ತುಂಬಿದ ಪೀಪಾಯಿಯಲ್ಲಿ ತೋಟೆಗಳನ್ನು ಹಾಕಿ ರಾತ್ರಿಯಿಡೀ ಉರುಳಿಸುವುದು. "ಗೋಡೆ ಪಕ್ಕದಲ್ಲೇ ಕಲ್ಲು ತುಂಬಿದ ಹೊಳೆ ಹರಿದಂಗಿದೆ, ನಿಂಗೇನು ಕಿವಿ ಇಲ್ವಾ," ಎಂದು ನೀನು ದಿಂಬನ್ನು ತಲೆಯ ಮೇಲೆ ಒತ್ತಿಕೊಳ್ಳುತ್ತಿದ್ದೆ. ಆ ಪೀಪಾಯಿ ಕೊಡುವುದು ಹೊಳಪನ್ನಲ್ಲ. ಮಬ್ಬು ಹಳದಿಯ ಒಂದು ಮರ್ಯಾದಸ್ಥ ಶುಚಿಯನ್ನು. ಮಸಿ ಹೋಗಬೇಕು, ಮಣ್ಣು ಹೋಗಬೇಕು, ಬೆರಳಿಟ್ಟರೆ ತರಿ ಸಿಗಬಾರದು. ಕೋವಿ ತನ್ನ ಕೆಲಸವನ್ನು ಕತ್ತಲಲ್ಲಿ ಮಾಡುತ್ತದೆ. ಅದಕ್ಕೆ ಹೊಳಪಿನ ಹಂಗಿಲ್ಲ. ಹೀಗೆಂದು ನೆಲ್ಸ್‌ಗೂ ಕಲಿಸಿದ್ದೆ. ಆದರೆ ಅಂದು ಆ ಬೆಳಕಿನ ಕೆಳಗೆ ನಿಂತು, ನನ್ನ ಆ ಸೂತ್ರವಾಕ್ಯ ಎಷ್ಟು ಬಡಕಲು ಎಂದು ಮೊದಲ ಬಾರಿಗೆ ಅನ್ನಿಸಿತು.

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಈ ಲೋಹ ಏನು ಮಾಡುತ್ತದೆಂದು ನಾನು ನಿನಗೆ ಹೇಳಿರಲಿಲ್ಲ. ನೀನು ಕೇಳಲಿಲ್ಲ ಎಂಬುದು ನನ್ನ ಸಮರ್ಥನೆ. ಈಗ ಹೇಳುವುದು ಅವಶ್ಯವಾಗಿದೆ. ತಳದ ಕೇಪು, ಅಂದರೆ ಕಿಡಿ ಹೊತ್ತಿಸುವ ಬಿಲ್ಲೆ, ಸಿಡಿದು ಮದ್ದು ಹೊತ್ತಿದ ಕ್ಷಣ ತೋಟೆ ಉಬ್ಬಿ, ತಾನು ಕೂತಿರುವ ಕೋವಿಯ ಗೂಡಿನ ಗೋಡೆಗೆ ಮೈಯೊತ್ತಿ ನಿಲ್ಲುತ್ತದೆ. ಹಿಂದಕ್ಕೆ ನುಗ್ಗುವ ಬೆಂಕಿಗೂ ಈಡು ಹೊಡೆಯುವವರ ಕೆನ್ನೆಗೂ ನಡುವೆ ಕದ ಮುಚ್ಚುವುದು ಉಗುರಿನಷ್ಟು ದಪ್ಪದ ಆ ಹಿತ್ತಾಳೆಯೇ. ಗಾಜಾಗಿದ್ದರೆ ಒಡೆಯುತ್ತಿತ್ತು, ಸೀಸವಾಗಿದ್ದರೆ ಗೋಡೆಗೇ ಅಂಟಿಕೊಳ್ಳುತ್ತಿತ್ತು. ಹಿತ್ತಾಳೆ ಮಾತ್ರ ಹಿಡಿಯಬೇಕಾದಷ್ಟು ಹೊತ್ತು ಹಿಡಿದು, ಬೆಂಕಿ ತಗ್ಗಿದೊಡನೆ ಕೂದಲೆಳೆಯಷ್ಟು ಹಿಂದೆ ಸರಿದು, ಬಿಟ್ಟುಕೊಡುತ್ತದೆ. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಇಷ್ಟೂ ಮುಗಿದಿರುತ್ತದೆ. ದೇವರ ಇರವನ್ನು ಕುರಿತು ಕಾಲೇಜಿನಲ್ಲಿ ನಾನು ಒಮ್ಮೆ ಪರವಾಗಿ, ಒಮ್ಮೆ ವಿರುದ್ಧವಾಗಿ ವಾದಿಸಿ ಎರಡೂ ಸಲ ಗೆದ್ದಿದ್ದೇನೆ. ಎರಡು ಸಲವೂ ಈ ಲೋಹವನ್ನು ಸಾಕ್ಷಿಗೆ ಕರೆಯಲು ನನಗೆ ತೋಚಲಿಲ್ಲ.

ಪೆಟ್ಟಿಗೆಯ ತಳದಲ್ಲಿದ್ದ ನಿನ್ನ ಕಾಗದವನ್ನು ಆಮೇಲೆ ಓದಿದೆ. ಮೂರ್‌ಹೆಡ್ಡಿನ ನಿನ್ನ ಚರ್ಚಿನ ನೆಲಮಾಳಿಗೆ, ವೇದಿಕೆಯ ದೀಪಗಂಬ ಬಟ್ಟಲುಗಳನ್ನು ಬೆಳಗುವ ಹೆಂಗಸರ ಗುರುವಾರದ ಕೂಟ, ಅವರ ಕಾಫಿ, ಅವರ ಲೆಫ್ಸಾ ರೊಟ್ಟಿ, ಎಲ್ಲವೂ ಕಣ್ಣಿಗೆ ಕಟ್ಟಿತು. ಅಲ್ಲಿ ನೀನು ನೆಲ್ಸ್‌ನ ಟ್ರಕ್ಕಿನಲ್ಲಿ ಸಿಕ್ಕ ಮಸಿಹಿಡಿದ ತೋಟೆಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ ಹೆಲ್ಮಿ ಎಂಬ ಆ ಮುದುಕಿ ಕನ್ನಡಕ ಏರಿಸಿಕೊಂಡು, "ಯಾವ ದೀಪದ ತುಂಡುಗಳೇ ಇವು, ಇಷ್ಟು ಚಿಕ್ಕವು? ಗೊಂಬೆಮನೆ ಚರ್ಚಿಂದಾ?" ಎಂದಳಂತೆ. ನೀನು, "ನನ್ನ ಮಗಂದು," ಎಂದೆಯಂತೆ. ಆಕೆ ಮತ್ತೇನೂ ಕೇಳದೆ ಕುರ್ಚಿ ಎಳೆದುಕೊಂಡು ಬಟ್ಟೆ ಕೈಗೆತ್ತಿಕೊಂಡಳಂತೆ. ಮರುವಾರ ಉಳಿದವರೂ. ಕಳೆದ ಚಳಿಗಾಲವಿಡೀ ಲೂಥರನ ಪಂಥದ ಆ ಹೆಣ್ಣುಮಕ್ಕಳು, ತಮ್ಮ ಜನ್ಮದಲ್ಲಿ ಕೋವಿ ಹಿಡಿಯದವರು, ನನ್ನ ಮಗನ ತೋಟೆಗಳನ್ನು ಬೆಳಗಿದರು. ಈ ಭಾಗವನ್ನು ಎಷ್ಟು ಸಲ ಓದಿದೆನೆಂದು ನಾನು ಬರೆಯುವುದಿಲ್ಲ.

ಕೊನೆಯಲ್ಲಿ ನೀನು ಕ್ಷಮೆ ಕೇಳಿದ್ದೆ: ಎಷ್ಟು ಉಜ್ಜಿದರೂ ಪ್ರತಿಯೊಂದರಲ್ಲೂ ಮೈ ಕಿರಿದಾಗುವ ಭುಜದ ಕೆಳಗೆ ಒಂದೇ ಜಾಗದಲ್ಲಿ ಉಳಿಯುವ ಸಣ್ಣ ಗೀರನ್ನು ತೆಗೆಯಲಾಗಲಿಲ್ಲ, ನಮ್ಮ ಬಟ್ಟೆಯಲ್ಲೇ ಏನೋ ತರಿಯಿತ್ತೇನೋ ಎಂದು. ಅದು ನಿನ್ನ ದೋಷವಲ್ಲ. ನೆಲ್ಸ್‌ನ ಕೋವಿಯ ಗೂಡಿನಲ್ಲಿ, ಅದನ್ನು ಕೊರೆದವನು ನುಣುಪು ಮಾಡದೆ ಬಿಟ್ಟ ಒಂದು ಸಣ್ಣ ಏಣು ಇದೆ. ಅದರೊಳಗೆ ಉಬ್ಬಿದ ಪ್ರತಿ ತೋಟೆಯೂ ಆ ಗೀರು ಹೊತ್ತೇ ಹೊರಬರುತ್ತದೆ. ತೆಗೆಸಿಬಿಡೋಣವೆಂದು ನಾನು ಹೇಳಿದಾಗ ಅವನು ಒಪ್ಪಲಿಲ್ಲ. "ಇರ್ಲಿ ಬಿಡಪ್ಪ. ಗುರಿಕಟ್ಟೆ ಹತ್ರ ಎಲ್ರ ತೋಟೇನೂ ಹುಲ್ಲಲ್ಲಿ ಬಿದ್ದಿರುತ್ತೆ. ನಂದು ಯಾವ್ದು ಅಂತ ಕೈಯಲ್ಲೇ ಗೊತ್ತಾಗುತ್ತೆ," ಎಂದಿದ್ದ.

ಇನ್ನು ಹೇಳಲೇಬೇಕಾದದ್ದಕ್ಕೆ ಬರುತ್ತೇನೆ.

ಮೊದಲ ತೋಟೆಯ ಕಾಗದ ಬಿಚ್ಚಿದಾಗಲೇ ಒಂದು ವಾಸನೆ ಮೂಗಿಗೆ ಬಡಿದಿತ್ತು. ಬೆಳಕಿನ ಬೆರಗಿನಲ್ಲಿ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಲು ಮನಸ್ಸು ಒಪ್ಪಲಿಲ್ಲ. ನಿನ್ನ ಕಾಗದದ ಎರಡನೆಯ ಪುಟದಲ್ಲಿ ಅದಕ್ಕೆ ಹೆಸರು ಸಿಕ್ಕಿತು. ಮಸಿ ಬಿಡಲೆಂದು ಅವನ್ನೆಲ್ಲ ಚರ್ಚಿನ ಕಿಟಕಿಗಾಜು ತೊಳೆಯುವ ಅಮೋನಿಯಾ ನೀರಿನ ಜಾಡಿಯಲ್ಲಿ ವಾರಗಟ್ಟಲೆ ನೆನೆಹಾಕಿದ್ದೆ, ಆ ಮೇಲೆ ಬೆಳಗಲು ಎಷ್ಟು ಹಗುರವಾಯಿತೆಂದು ನೀನು ಹೆಮ್ಮೆಯಿಂದ ಬರೆದಿದ್ದೆ.

ಬೆರಿಟ್, ದೀಪಗಂಬಕ್ಕೆ ಅದರಿಂದ ಕೇಡಿಲ್ಲ. ತೋಟೆಗೆ ಅದು ವಿಷ. ಒಮ್ಮೆ ಬೆಂಕಿ ಕಂಡ ಹಿತ್ತಾಳೆಯೊಳಗೆ ಕಣ್ಣಿಗೆ ಕಾಣದ ಬಿಗಿಯೊಂದು ಉಳಿದುಕೊಂಡಿರುತ್ತದೆ. ಅಮೋನಿಯಾ ಆ ಬಿಗಿಯನ್ನು ಹುಡುಕಿಕೊಂಡು ಒಳಗಿಳಿಯುತ್ತದೆ, ಎಲ್ಲಿ ಸಿಕ್ಕಿತೋ ಅಲ್ಲಿ ಬಿರಿಸುತ್ತದೆ. ಹಿಂದೆ ಹಿಂದೂಸ್ಥಾನದಲ್ಲಿ ಬ್ರಿಟಿಷ್ ಪಡೆಗಳು ಮಳೆಗಾಲಕ್ಕೆಂದು ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದವಂತೆ. ಕುದುರೆಗಳ ಗಂಜಳದ ಆವಿಗೇ ಅವು, ಯಾರೂ ಮುಟ್ಟದೆ, ಪೆಟ್ಟಿಗೆಯೊಳಗೇ ಸೀಳಿಹೋಗುತ್ತಿದ್ದವಂತೆ. ಕಾಲೇಜಿನ ಗ್ರಂಥಾಲಯದಲ್ಲಿ ಇದನ್ನು ಓದಿದಾಗ ಕುತೂಹಲದ ಸಂಗತಿ ಎನಿಸಿತ್ತು. ಅಂದು ಬೆಂಚಿನ ಮುಂದೆ ನಿಂತು ಅದನ್ನು ನೆನೆದು, ಕೈಯಲ್ಲಿದ್ದ ತೋಟೆಯನ್ನು ಕೆಳಗಿಟ್ಟೆ. ಬಿರಿದ ತೋಟೆಗೆ ಮದ್ದು ತುಂಬಿ ಈಡು ಹೊಡೆದರೆ ಬೆಂಕಿ ಹಿಂದಕ್ಕೆ ಬರುತ್ತದೆ. ಅಲ್ಲಿರುವುದು ಟ್ರೂಡಿಯ ಕಣ್ಣು.

ಮಾರನೆಯ ಭಾನುವಾರ ಆಕೆ ಬಂದಳು. ಶಾಲೆಯ ಬಸ್ಸು ಓಡಿಸಿ ಓಡಿಸಿ ಅವಳ ದನಿ ಇನ್ನೂ ದೊಡ್ಡದಾಗಿದೆ, ಅಂಗಳದಿಂದಲೇ, "ಮುದುಕಪ್ಪ, ಚೀಟಿ ಎತ್ತಿದ್ರಲ್ಲಿ ನನ್ನ ಹೆಸರು ಬಂತು, ಎಲ್ಕ್ ಜಿಂಕೆ ಹೊಡೆಯೋ ಪರವಾನಗಿ ಸಿಕ್ತು. ಈಡು ರೆಡಿ ಮಾಡು," ಎಂದು ಕೂಗಿಕೊಂಡೇ ಒಳಗೆ ಬಂದಳು. ಬೆಂಚಿನ ಮೇಲಿನದನ್ನು ಕಂಡು ಅಲ್ಲೇ ನಿಂತಳು. "ಅಮ್ಮ ಮಾಡಿದ್ದಾ ಇದು?" ಎಂದಳು. ಹೌದೆಂದೆ. "ಇದನ್ನ ಕೋವಿಗೆ ಹಾಕೋದಾ, ಇದರ ಮುಂದೆ ಮಂಡಿಯೂರೋದಾ?" ಎಂದಳು. ಒಂದನ್ನು ಎತ್ತಿ ಹೆಬ್ಬೆರಳಿನಿಂದ ಗೀರನ್ನು ಹುಡುಕಿಕೊಂಡು, ಹಾಗೇ ಸವರುತ್ತ ನಿಂತಳು. ಅವಳ ಮುಖ ನೋಡಲಾರದೆ ನಾನು ಒಲೆಗೆ ಕಟ್ಟಿಗೆ ಹಾಕಲು ಬಗ್ಗಿದೆ.

ಆಮೇಲೆ ವಿಷಯ ತಿಳಿಸಿದೆ. ಅವಳು ಅಳಲಿಲ್ಲ, ಒಂದು ಬೈಗುಳ ನುಡಿದಳು, ಅದನ್ನು ಇಲ್ಲಿ ಬರೆಯುವುದಿಲ್ಲ. ಸ್ಟೂಲಿನ ಮೇಲೆ ಕೂತು, "ಅಮ್ಮಂಗೆ ಹೇಳ್ಬೇಡ," ಎಂದಳು. "ನಿನ್ನ ಹತ್ರ ಇರೋ ಮಾಮೂಲಿ ಈಡು ಕೊಡು, ನಾನು ಅದನ್ನೇ ಹೊಡೀತೀನಿ. ಅಮ್ಮನ ಹಿತ್ತಾಳೇಲೇ ಹೊಡೆದೆ, ಎಲ್ಕ್ ಒಂದೇ ಏಟಿಗೆ ಬಿತ್ತು ಅಂತ ನಾನೇ ಫೋನ್ ಮಾಡಿ ಹೇಳ್ತೀನಿ. ಒಂದು ಸುಳ್ಳಿಂದ ಯಾರ ಮನೆ ಮುಳುಗುತ್ತೆ?"

ನಾನು ವಾದಕ್ಕೆ ನಿಂತೆ. ನಿಲ್ಲದೆ ಇರಲು ನನಗೆ ಬರುವುದಿಲ್ಲ. ಒಂದು ಸುಳ್ಳು ತಾನೊಂದೇ ನಿಲ್ಲದು. ಮುಂದಿನ ವರ್ಷ ಬೆರಿಟ್ ಇನ್ನೊಂದು ಡಬ್ಬಿಯನ್ನು ಹೀಗೆಯೇ ನೆನೆಹಾಕಿ ಬೆಳಗಿ ಬೇರೊಬ್ಬರಿಗೆ ಕೊಟ್ಟರೆ? ನಾನಿಲ್ಲದ ದಿನ ಈ ಹೊಳೆಯುವ ತೋಟೆಗಳನ್ನೇ ಯಾರಾದರೂ ಆಸೆಪಟ್ಟು ತುಂಬಿದರೆ? ಹೀಗೆ ಅಂಶ ಅಂಶವಾಗಿ ಮಂಡಿಸಿದೆ. ಟ್ರೂಡಿ ಪೂರ್ತಿ ಕೇಳಿದಳು. ಕೇಳಿ, "ನೀನು ಹೇಳೋದು ಸರಿ. ನೀನು ಯಾವತ್ತೂ ಸರೀನೇ," ಎಂದಳು. "ಅವತ್ತು ಅಡುಗೆಮನೇಲಿ ಅಮ್ಮನ ಮುಂದೆ ಪೊಲೀಸ್ನೋರ ನಕ್ಷೆ ಬಿಚ್ಚಿ, ನೆಲ್ಸ್ ರಸ್ತೇಲಿ ನಿಂತಿದ್ದ ಜಾಗ ತಪ್ಪು ಅಂತ ತೋರಿಸಿದ್ಯಲ್ಲ, ಆಗ್ಲೂ ಸರಿ ಇದ್ದೆ. ಆಮೇಲೆ ಏನಾಯ್ತು?"

ಆ ನಕ್ಷೆಯ ವಿಚಾರವನ್ನು ಈ ಪತ್ರದಲ್ಲಿ ಚರ್ಚಿಸಲು ನಾನು ಸಿದ್ಧನಿಲ್ಲ. ಬೀಸುಹಿಮದಲ್ಲಿ ಅಪರಿಚಿತನ ಕಾರನ್ನು ಎಳೆಯಲು ಇಳಿದು ಇನ್ನೊಂದು ಗಾಡಿಗೆ ಸಿಕ್ಕಿದವನು ಇಳಿದ ಬದಿ ಯಾವುದು ಎಂಬುದು ವಾಸ್ತವದ ಸಂಗತಿ; ಅದು ಬದಲಾಗಿಲ್ಲ. ನೀನು ಅದರ ಮರುವಾರ ಈ ಮನೆ ಬಿಟ್ಟು ನಿನ್ನ ತಂಗಿಯ ಊರು ಮೂರ್‌ಹೆಡ್ಡಿಗೆ ಹೊರಟದ್ದೂ ವಾಸ್ತವದ ಸಂಗತಿಯೇ. ಎರಡನ್ನೂ ದಾಖಲಿಸಿ ಮುಂದೆ ಹೋಗುತ್ತೇನೆ. ಆದರೆ ಟ್ರೂಡಿ ಬಾಗಿಲಲ್ಲಿ ನಿಂತು ಕೋಟು ಹಾಕಿಕೊಳ್ಳುತ್ತ ಆಡಿದ ಮಾತನ್ನು ನಿನಗೆ ತಿಳಿಸುವುದು ನ್ಯಾಯ. "ಹೇಳೋದಾದ್ರೆ ಹೇಳು. ಗೆಲ್ಲೋಕೆ ಹೇಳ್ಬೇಡ," ಎಂದಳು.

ಅಲ್ಲಿಂದ ಆರಂಭವಾಯಿತು ನನ್ನ ಈ ಮೌನ. ನಾನು ಒಪ್ಪಿಕೊಳ್ಳುವುದಾದರೆ, ಆ ವಾರಗಳಲ್ಲಿ ನಾನು ಮಾಡುತ್ತಿದ್ದದ್ದು ನಿನ್ನ ಪರವಾದ ಶೋಧ. ನನ್ನ ಮಾತೇ ಸುಳ್ಳಾಗಲಿ ಎಂದು ಹುಡುಕಿದೆ. ನೆನೆದದ್ದು ತೆಳುನೀರಿನಲ್ಲಿರಬಹುದು, ಆಮೇಲೆ ಬಿಸಿನೀರಿನಲ್ಲಿ ತೊಳೆದಿರಬಹುದು, ನೆಲ್ಸ್‌ನ ಹಿತ್ತಾಳೆ ಒಳ್ಳೆಯ ಜಾತಿಯದು, ತಡೆದಿರಬಹುದು. ಭೂತಗನ್ನಡಿ ಹಿಡಿದು ಒಂದೊಂದನ್ನೂ ಕಿಟಕಿಯ ಬೆಳಕಿಗೆ ತಿರುಗಿಸಿದೆ. ಹೊರಮೈಯಲ್ಲಿ ಕಂಡದ್ದು ನನ್ನ ಕಣ್ಣು ಮಾತ್ರ. ಅಷ್ಟು ನುಣುಪು ನಿಮ್ಮ ಕೆಲಸ. ಅವುಗಳ ಪರವಾಗಿ ತೀರ್ಪು ಬರೆಯಲು ಕೈ ಹಾತೊರೆಯಿತು.

ಕೊನೆಗೆ ಒಂದನ್ನು ಬೆಂಚಿಗೆ ಜಡಿದ ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ ಸಣ್ಣ ಗರಗಸದಿಂದ ಉದ್ದಕ್ಕೆ ಸೀಳಿದೆ. ಹೊರಗೆ ಬಂಗಾರ, ಒಳಗೆ ಮಸಿ. ನಿಮ್ಮ ಬಟ್ಟೆ ತಲುಪದ ಜಾಗದಲ್ಲಿ ನೆಲ್ಸ್ ಹೊಡೆದ ಈಡಿನ ಕಪ್ಪು ಹಾಗೆಯೇ ಕೂತಿತ್ತು. ಮಗನ ಬೆಂಕಿ ಉರಿದ ಕೋಣೆಯೊಳಗೆ ಇಣುಕಿದ ಹಾಗಾಯಿತು ನನಗೆ. ಬೆರಳಿನಿಂದ ಒರೆಸಿದೆ. ಒರೆಸಿದಲ್ಲಿ ಕತ್ತಿನಿಂದ ಭುಜದವರೆಗೆ ಬಿರುಕುಗಳು ಇಳಿದಿದ್ದವು. ಚಳಿಗಾಲದ ಬೆಳಗ್ಗೆ ಕಿಟಕಿಗಾಜಿನ ಮೇಲೆ ಹಿಮ ತಾನೇ ತಾನಾಗಿ ಬಿಡಿಸುವ ಜರಿಗಿಡದ ಎಲೆಗಳನ್ನು ನೋಡಿದ್ದೀಯಲ್ಲ, ಅಷ್ಟು ನವಿರಾಗಿ, ಅಷ್ಟೇ ಸುಂದರವಾಗಿ. ಇನ್ನೂ ಕೆಲವನ್ನು ಸೀಳಿದೆ. ಕೆಲವು ಬಿರಿದಿದ್ದವು, ಕೆಲವು ಇಲ್ಲ. ಯಾವುದು ಯಾವುದೆಂದು ಹೊರಗಿನಿಂದ ಹೇಳಬಲ್ಲ ಕಣ್ಣು ಭೂಮಿಯ ಮೇಲಿಲ್ಲ.

ಆದ್ದರಿಂದ, ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ. ನಾನು ತುಂಬಲಿಲ್ಲ, ಟ್ರೂಡಿ ಒಯ್ಯಲಿಲ್ಲ. ಈ ವಾದದಲ್ಲಿ ಯಾರಾದರೂ ನನ್ನನ್ನು ಸೋಲಿಸಿದ್ದರೆ ನಾನು ಅವರ ಕೈ ಹಿಡಿದು ಮುತ್ತಿಡುತ್ತಿದ್ದೆ.

ಸಂದೇಹದ ಹಿತ್ತಾಳೆಯನ್ನು ಅದೇ ದಿನ ಜಜ್ಜಿಹಾಕಬೇಕು, ಇನ್ನೊಬ್ಬರ ಕೈಗೆ ಸಿಗುವಂತೆ ಬಿಡಬಾರದು. ಇದು ನನ್ನ ಬೆಂಚಿನ ನಿಯಮ; ನೆಲ್ಸ್ ಮೀಸೆ ಬರುವ ಮೊದಲೇ ಇದನ್ನು ಬಾಯಿಪಾಠ ಮಾಡಿದ್ದ. ಹೊಳೆಯದ ತೋಟೆಯಾದರೆ ಯಾರೂ ಮುಟ್ಟರು. ಇವನ್ನು ಕಂಡವರು ಎತ್ತದೆ ಬಿಡರು. ನಿಯಮದಲ್ಲಿ ಅದೇ ದಿನ ಎಂದಿತ್ತು, ನಾನು ಕೆಲವು ದಿನ ಮೀರಿದೆ. ಆಮೇಲೆ ಒಂದು ಮಧ್ಯಾಹ್ನ ಇಕ್ಕಳ ಹಿಡಿದು ಕೂತು ಎಲ್ಲವನ್ನೂ ಜಜ್ಜಿದೆ. ಜಜ್ಜುತ್ತ ಹೋದಂತೆ ಮಾಡಿನ ಮೇಲಿನ ಬೆಳಕು ಒಂದೊಂದೇ ಚೂರಾಗಿ ಆರಿತು. ನಿಮ್ಮ ಚಳಿಗಾಲ ಅದು. ಅದನ್ನು ನಾನು ಹಗುರವಾಗಿ ಮುರಿಯಲಿಲ್ಲವೆಂದು ನೀನು ನಂಬಬೇಕು.

ಬೇಟೆಯ ವಿಷಯ. ಅಂಗಡಿಯಿಂದ ಹೊಚ್ಚ ಹೊಸ, ಒಮ್ಮೆಯೂ ಬೆಂಕಿ ಕಾಣದ ತೋಟೆಗಳನ್ನು ತಂದು ತುಂಬಿಕೊಟ್ಟೆ. ಟ್ರೂಡಿ ಅವನ್ನು ನೋಡಿ ಮುಖ ಸಪ್ಪಗೆ ಮಾಡಿಕೊಂಡಳು. "ಇವಕ್ಕೆ ನೆಲ್ಸ್ ಯಾರು ಅಂತಾನೇ ಗೊತ್ತಿಲ್ಲ," ಎಂದಳು.  ಹೋದ ವಾರ ಇಬ್ಬರೂ ಪೈನ್ ಗುಡ್ಡದ ಹಿಂದಿನ ಕಣಿವೆಗೆ ಬೆಳಕು ಹರಿಯುವ ಮೊದಲೇ ಏರಿದೆವು. ಅವಳು ಹಿಮದಲ್ಲಿ ಬೋರಲು ಮಲಗಿದ್ದಳು, ನಾನು ಅವಳ ಬಲಕ್ಕೆ ಕೂತಿದ್ದೆ. ಒಂಟಿ ಹೆಣ್ಣು ಎಲ್ಕ್ ಮರಗಳ ಅಂಚಿಗೆ ಬಂದು ನಿಂತಿತು. ಉಸಿರು ಹದಕ್ಕೆ ಬರುವವರೆಗೆ ಅವಳು ಕಾದಳು; ಆಮೇಲೆ ಒಂದು ಈಡು. ಪ್ರಾಣಿ ಎರಡು ಹೆಜ್ಜೆಯಿಟ್ಟು ಮಂಡಿಯೂರಿತು.

ಅವಳು ಕೋವಿಯ ಅಗುಳಿ ಎಳೆದಳು. ಖಾಲಿ ತೋಟೆ ಹೊಗೆಯಾಡುತ್ತ ಹಾರಿ ನನ್ನ ಮಂಡಿಯ ಬಳಿ ಹಿಮದಲ್ಲಿ ಬಿತ್ತು. ಬಿದ್ದದ್ದು ನಿಲ್ಲದೆ, ತನ್ನ ಕಾವಿಗೆ ತಾನೇ ಗುಳಿ ತೋಡಿಕೊಂಡು, ಸುಯ್ಯೆಂದು ಕೆಳಗಿಳಿದು ಕಣ್ಮರೆಯಾಯಿತು. ನಾನು ಕೈಗವಸು ಕಳಚಿ ಆ ಗುಳಿಯೊಳಗೆ ಕೈಯಿಟ್ಟೆ. ಟ್ರೂಡಿ ಎದ್ದು ನಿಂತು ಕೆನ್ನೆ ಒರೆಸಿಕೊಳ್ಳುತ್ತ, "ಅಲ್ಲಿ ಅಷ್ಟು ದೊಡ್ಡ ಎಲ್ಕ್ ಬಿದ್ದಿದೆ, ನೀನಿಲ್ಲಿ ಹಿಮದಲ್ಲಿ ಪಿನ್ನು ಹುಡುಕ್ತಾ ಕೂತಿದೀಯ. ಬಾ ಮುದುಕಪ್ಪ, ಒಂದು ಕಾಲು ಹಿಡಿ," ಎಂದಳು. ನಾನು ಕೂಡಲೇ ಏಳಲಿಲ್ಲ. ತೋಟೆ ಸಿಕ್ಕಿತ್ತು, ಇನ್ನೂ ಬೆಚ್ಚಗಿತ್ತು, ಹೆಬ್ಬೆರಳು ತಾನಾಗಿ ಭುಜದ ಕೆಳಕ್ಕೆ ಸರಿಯಿತು. ಅಲ್ಲಿ ಗೀರಿತ್ತು.

ಇದು ಆಗುವುದೇ ಹೀಗೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಗೂಡಿನಲ್ಲಿ ಏಣು ಇದೆ, ತೋಟೆ ಉಬ್ಬುತ್ತದೆ, ಗೀರು ಬೀಳುತ್ತದೆ. ನಿನಗೆ ಈ ಪತ್ರದಲ್ಲೇ ವಿವರಿಸಿದ್ದೇನೆ. ಆದರೂ ಆ ಹಿಮದಲ್ಲಿ ಕೂತು, ಅಂದಿನ ಬೆಳಗಿನವರೆಗೆ ಅವನನ್ನರಿಯದ ಆ ಅಂಗಡಿಯ ಹಿತ್ತಾಳೆ ಒಂದು ಕ್ಷಣ ಅವನ ಕೋವಿಯೊಳಗೆ ಹೋಗಿ ಅವನ ಗುರುತು ಹೊತ್ತು ನನ್ನ ಅಂಗೈಗೆ ಬಂದದ್ದನ್ನು ನಂಬಲಾರದೆ ಮತ್ತೆ ಮತ್ತೆ ಸವರಿದೆ. ಟ್ರೂಡಿಯ ಕೈ ಹಿಡಿದು ಅವಳ ಹೆಬ್ಬೆರಳನ್ನೂ ಅಲ್ಲಿಟ್ಟೆ.  ಕೆಳಗೆ ಎಲ್ಕ್ ಮೈಯಿಂದ ಹಬೆ ಏಳುತ್ತಿತ್ತು. ಮುಂದೆ ತುಂಬುವ ಪ್ರತಿಯೊಂದು ತೋಟೆಯೂ, ಆ ಕೋವಿ ಇರುವಷ್ಟು ಕಾಲ, ಹೀಗೆಯೇ ಬರುತ್ತದೆ. ನಾನು ಜಜ್ಜಿದ್ದು ಕಡಿಮೆಯಲ್ಲ, ಬೆರಿಟ್. ಆದರೆ ಅದು ಕೊನೆಯದೂ ಅಲ್ಲ.

ಆ ತೋಟೆಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಮಸಿಯನ್ನು ಹಾಗೇ ಬಿಟ್ಟಿದ್ದೇನೆ. ಬೆಳಗಬೇಕೆನಿಸಿದರೆ ಪಾತ್ರೆ ತೊಳೆಯುವ ಸಾಬೂನು, ಬಿಸಿನೀರು, ಒಂದು ಹನಿ ನಿಂಬೆರಸ ಸಾಕು. ಮುಂದಿನ ಗುರುವಾರ ಅದನ್ನು ಹೆಲ್ಮಿಯ ಕೈಗೆ ಕೊಟ್ಟು ಗೀರು ಎಲ್ಲಿದೆಯೆಂದು ತೋರಿಸು. ಉಳಿದವುಗಳ ಗತಿಯನ್ನು ಆ ಹೆಂಗಸರಿಗೆ ಹೇಳುವುದು ಬಿಡುವುದು ನಿನ್ನ ವಿವೇಚನೆ. ನಾನು ನಿನಗೆ ಹೇಳಬೇಕಿತ್ತು, ಹೇಳಿದ್ದೇನೆ. ಅವರ ಕೈಗಳಿಗೆ ನನ್ನ ನಮಸ್ಕಾರವನ್ನಂತೂ ತಲುಪಿಸು.

ಮಾಂಸದಲ್ಲಿ ನಿನ್ನ ಪಾಲನ್ನು ಟ್ರೂಡಿ ಬೇರೆಯಾಗಿ ಕಟ್ಟಿ ನಮ್ಮ ಫ್ರೀಜರಿನಲ್ಲಿ ಇಟ್ಟುಹೋಗಿದ್ದಾಳೆ. ಮಾಂಸವನ್ನು ಅಂಚೆಯಲ್ಲಿ ಕಳಿಸಲಾಗದು, ಬೇಕಾದವರು ಬಂದೇ ಒಯ್ಯಬೇಕು ಎಂದು ವರ್ಲಾ ಹೇಳಿದಳು. ನಾನು ಅವಳೊಡನೆ ವಾದಿಸಲಿಲ್ಲ.

ಇಂತು,
ನಿನ್ನವನೇ ಆದ
ಲೋವೆಲ್ ಹಾಗನ್

ಮರೆತ ಮಾತು: ಎಲ್ಲವನ್ನೂ ಜಜ್ಜಿದೆ ಎಂದು ಮೇಲೆ ಬರೆದದ್ದು ನಿಜವಲ್ಲ. ಒಂದು ಉಳಿದಿದೆ. ಜಜ್ಜುವ ಮೊದಲು ಅದನ್ನು ಯಾಕೋ ತುಟಿಗಿಟ್ಟು, ಬಾಟಲಿಯ ಬಾಯಿಗೆ ಊದುವಂತೆ ಊದಿದೆ. ತೀಕ್ಷ್ಣವಾದ ಸಿಳ್ಳೆ ಬಂತು. ಒಲೆಯ ಬಳಿ ಮಲಗಿದ್ದ ನೆಲ್ಸ್‌ನ ನಾಯಿ ಫ್ರೀಡಾ ನೆಗೆದೆದ್ದು ಬಾಗಿಲಿಗೆ ಓಡಿದಳು. ನೆಲ್ಸ್ ಅವಳನ್ನು ತೋಟೆಯ ಸಿಳ್ಳೆಯಿಂದಲೇ ಕರೆಯುತ್ತಿದ್ದನೆಂಬುದು ನನಗೆ ಆಗಲೇ ತಿಳಿದದ್ದು. ಬಾಗಿಲಿಗೆ ಮೂಗು ಒತ್ತಿ ಇಡೀ ಮೈಯಿಂದ ಬಾಲವಾಡಿಸುತ್ತ ನಿಂತಳು. ಆ ತೋಟೆಯ ತಳದ ಅಂಚನ್ನು ಅರದಿಂದ ಉಜ್ಜಿ ತೆಗೆದಿದ್ದೇನೆ, ಇನ್ನು ಯಾವ ಕೋವಿಯೂ ಅದನ್ನು ಹಿಡಿಯದು, ನಿಯಮಕ್ಕೆ ಭಂಗವಿಲ್ಲ. ಹೊರಗೆ ಯಾರೂ ಇಲ್ಲವೆಂದು ಅವಳಿಗೆ ಮನದಟ್ಟು ಮಾಡಿಸುವುದು ನನ್ನ ಕರ್ತವ್ಯವಾಗಿತ್ತು. ನಾನು ಬಾಗಿಲು ತೆರೆದೆ. ಅವಳ ಹಿಂದೆ ಅಂಗಳಕ್ಕಿಳಿದು, ಕತ್ತಲಾಗುವವರೆಗೆ ನಾನೂ ರಸ್ತೆಯ ಕಡೆ ನೋಡುತ್ತ ನಿಂತೆ.